ಹುಮನಾಬಾದ್, ಬಸವಕಲ್ಯಾಣದಲ್ಲಿ ಕಂಪ್ಯೂಟರಿಗೆ ಟಿವಿ: ಯಾವ ಟ್ಯೂನರ್ ಬೇಕು?

ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣಗಳು 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿವೆ. ನಮ್ಮ ಕರಾವಳಿಯ ಅನೇಕ ಗುರುಗಳು, ಧರ್ಮಭಗಿನಿಯರು ಆ ಭಾಗದಲ್ಲಿ ಸೇವೆಯಲ್ಲಿದ್ದಾರೆ. ಅಂಥವರಿಗೆ ಪರದೇಶದಲ್ಲಿರುವ ಬಂಧುಗಳು ನೆಟ್‌ವರ್ಕ್ ಟಿವಿ ಟ್ಯೂನರ್ ಕಳುಹಿಸಲು ಹೊರಟರೆ ಮೊದಲು ಇದನ್ನು ಓದಬೇಕೆಂದು ನಮ್ಮ ವಿನಂತಿ.

ನೆಟ್‌ವರ್ಕ್ ಟ್ಯೂನರ್ ಎಂದರೆ ಪುಸ್ತಕದಷ್ಟು ಗಾತ್ರದ ಒಂದು ಪೆಟ್ಟಿಗೆ. ಒಂದು ಕಡೆಯಿಂದ ಆಂಟೆನಾ ಅಥವಾ ಡಿಶ್‌ನ ಕೇಬಲ್, ಇನ್ನೊಂದು ಕಡೆಯಿಂದ ಮನೆಯ ರೂಟರಿಗೆ ತಂತಿ. ಕಂಪ್ಯೂಟರ್ ಆ ಮೂಲಕ ಟಿವಿ ತೋರಿಸುತ್ತದೆ, ರೆಕಾರ್ಡ್ ಮಾಡಿಯೂ ಇಡುತ್ತದೆ. ನೋಡಲು, ರೆಕಾರ್ಡ್ ಮಾಡಲು ಇಂಟರ್ನೆಟ್ ಬೇಡ. ಇಷ್ಟರವರೆಗೆ ಎಲ್ಲ ಸುಲಭ.

ತೊಡಕು ಇರುವುದು ಸಿಗ್ನಲಿನಲ್ಲಿ. ಅಮೇರಿಕಾದಲ್ಲಿ ಮಾರುವ ಎಚ್‌ಡಿಹೋಮ್‌ರನ್ ಪೆಟ್ಟಿಗೆ ಅಲ್ಲಿನ ಎಟಿಎಸ್‌ಸಿ ಪದ್ಧತಿಗೆ ತಯಾರಾದದ್ದು. ನಮ್ಮಲ್ಲಿ ಅದು ಕೇವಲ ಶೋಭೆಗೆ. ದೂರದರ್ಶನವು 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಡಿಜಿಟಲ್ ಭೂಪ್ರಸಾರ ಆರಂಭಿಸಿತು; ಈ ಎರಡು ಪಟ್ಟಣಗಳು ಅದರಲ್ಲಿರಲಿಲ್ಲ. ಹಳೆಯ ಅನಲಾಗ್ ಪ್ರಸಾರವೂ 2021ರ ಹೊತ್ತಿಗೆ ದೇಶದಲ್ಲಿ ಬಹುಮಟ್ಟಿಗೆ ನಿಂತಿತು. ಕೇಬಲ್, ಖಾಸಗಿ ಡಿಟಿಎಚ್‌ಗಳಲ್ಲಿ ಬರುವ ವಾಹಿನಿಗಳಿಗೆ ಬೀಗವಿದೆ, ಕಂಪನಿಯ ಪೆಟ್ಟಿಗೆ ಇಲ್ಲದೆ ತೆರೆಯದು.

ಹಾಗಾದರೆ ಉಳಿಯುವುದು ಡಿಡಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಇದಕ್ಕೆ ತಿಂಗಳ ಬಾಡಿಗೆ ಇಲ್ಲ. ಆದ್ದರಿಂದ ಕೊಳ್ಳುವಾಗ ಪೆಟ್ಟಿಗೆಯ ಮೇಲೆ 'ಡಿವಿಬಿ-ಎಸ್2' ಎಂದಿದೆಯೇ ನೋಡಿ. 'ಸ್ಯಾಟ್-ಐಪಿ' ಎಂದು ಬರೆದಿರುವ ಉಪಗ್ರಹ ಟ್ಯೂನರುಗಳು ಈ ಕೆಲಸಕ್ಕೇ ಇರುವಂಥವು. 'ಡಿವಿಬಿ-ಟಿ' ಎಂದು ಮಾತ್ರ ಇದ್ದರೆ ಬೇಡ. ಫ್ರೀ ಡಿಶ್‌ನಲ್ಲಿಯೂ ಪ್ರತಿಯೊಂದು ವಾಹಿನಿ ಕಂಪ್ಯೂಟರಿನಲ್ಲಿ ಸಿಕ್ಕೀತೆಂದು ಎಣಿಸಬಾರದು.

ಡಿಶ್ ಕೂರಿಸುವಾಗ ಕರಾವಳಿಯ ಅಂದಾಜು ನಡೆಯದು. ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಬಸವಕಲ್ಯಾಣದಿಂದ ಅದು ಹೆಚ್ಚುಕಡಿಮೆ ನೇರ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 62 ಡಿಗ್ರಿ ಎತ್ತರದಲ್ಲಿದೆ. ಮಂಗಳೂರಿನಲ್ಲಾದರೆ ಡಿಶ್ ಇನ್ನಷ್ಟು ಪೂರ್ವಕ್ಕೆ ತಿರುಗಿರುತ್ತದೆ. ಒಂದು ವಾಹಿನಿ ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡಬೇಕಿದ್ದರೆ ಎರಡು ಕೇಬಲ್ ಹೊರಡುವ ಎಲ್‌ಎನ್‌ಬಿ ಹಾಕಿಸಿ, ಅದೂ ಏಣಿ ಹತ್ತುವ ಮೊದಲೇ.

ಕಂಪ್ಯೂಟರಿನಲ್ಲಿ ಹಿಂದೆ ಹಲವರು ವಿಂಡೋಸ್ ಮೀಡಿಯಾ ಸೆಂಟರ್ ಬಳಸುತ್ತಿದ್ದರು. 2015ರ ವಿಂಡೋಸ್ 10ರಿಂದ ಅದನ್ನು ಕೈಬಿಡಲಾಯಿತು. ಈಗ ಟಿವಿಹೆಡ್‌ಎಂಡ್ ಮತ್ತು ಕೋಡಿ ಎಂಬ ಉಚಿತ ತಂತ್ರಾಂಶಗಳು ಸಾಕು: ಮೊದಲನೆಯದು ರೆಕಾರ್ಡ್ ಮಾಡುತ್ತದೆ, ಎರಡನೆಯದು ತೋರಿಸುತ್ತದೆ. ಪ್ರಸಾರ ಸೆಕೆಂಡಿಗೆ 3 ಮೆಗಾಬಿಟ್ ಎಂದು ಹಿಡಿದರೆ ಒಂದು ಗಂಟೆಗೆ ಸುಮಾರು 1.35 ಜಿಬಿ ಜಾಗ ಬೇಕು. 500 ಜಿಬಿ ಡಿಸ್ಕಿನಲ್ಲಿ ಮುನ್ನೂರೈವತ್ತು ಗಂಟೆಗಳ ಕಾರ್ಯಕ್ರಮ ಹಿಡಿಯುತ್ತದೆ.

ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆ ಹೊತ್ತಿಗೆ ಕರೆಂಟ್ ಹೋದ ಮನೆಯ ಮಗುವಿಗೆ, ಹೊಲಕ್ಕೆ ಹೋದ ಮಗುವಿಗೆ ಪಾಠ ತಪ್ಪಿತು. ರೆಕಾರ್ಡ್ ಇದ್ದರೆ ಸಂಜೆ ತೋರಿಸಬಹುದು, ಅರ್ಥವಾಗದ ಲೆಕ್ಕವನ್ನು ನಿಲ್ಲಿಸಿ ಮತ್ತೊಮ್ಮೆ ನೋಡಬಹುದು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕಿವಿಗೆ ಬೀಳುವ ಈ ಗಡಿಭಾಗದಲ್ಲಿ ಚಂದನದ ಜೊತೆಗೆ ಸಹ್ಯಾದ್ರಿ, ಡಿಡಿ ಉರ್ದು, ಯಾದಗಿರಿ ವಾಹಿನಿಗಳೂ ಅದೇ ಡಿಶ್‌ನಿಂದ ಸಿಗುತ್ತವೆ. ಹಾಸ್ಟೆಲುಗಳಲ್ಲಿ ಯಾವುದನ್ನು, ಎಷ್ಟು ಹೊತ್ತು ಎಂಬುದನ್ನು ವಾರ್ಡನ್ ನಿರ್ಧರಿಸಲಿ. ಧಾರಾವಾಹಿಗಳಿಂದ ಡಿಸ್ಕ್ ತುಂಬಿಸಲು ನಾವು ಇದನ್ನು ಬರೆಯುತ್ತಿಲ್ಲ. ರೆಕಾರ್ಡ್ ಮಾಡಿದ್ದನ್ನು ಯೂಟ್ಯೂಬಿಗೆ ಹಾಕುವುದೂ ಬೇಡ, ಅದರ ಹಕ್ಕು ಪ್ರಸಾರ ಮಾಡಿದವರದು.

ಒಂದು ಮಾತು ಬಾಕಿ: ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಕೊಟ್ಟರೆ ಸಾಲದು. ಟ್ಯೂನರ್ ಮತ್ತು ರೂಟರನ್ನೂ ಅದಕ್ಕೇ ಸೇರಿಸಿ. ಡಿಶ್‌ನ ಎಲ್‌ಎನ್‌ಬಿಗೆ ವಿದ್ಯುತ್ ಟ್ಯೂನರಿನಿಂದಲೇ ಹೋಗುತ್ತದೆ.