ಗಾಳಿಗೆ ಕಾಯದ ಹಡಗು

ರಾಶಿ ಮಾಡುವ ಯಂತ್ರಗಳು ಬರುವ ಮೊದಲು ಬೀಳಗಿ ಕಡೆಯ ಗಲಗಲಿ ಸೀಮೆಯ ಕಣಗಳಲ್ಲಿ ಗಾಳಿಯೇ ಯಜಮಾನ. ಅದು ಬೀಸುವತನಕ ಕಾಯಬೇಕು, ಬೀಸಿದಾಗ ತೂರಿಕೊಳ್ಳಬೇಕು. ವಿಮಾನವಾಹಕ ಹಡಗಿಗೆ ಹಾಗೆ ಕಾಯುವ ಪುರುಸೊತ್ತಿಲ್ಲ. ತನಗೆ ಬೇಕಾದ ಗಾಳಿಯನ್ನು ಅದು ಓಡಿ ಹುಟ್ಟಿಸಿಕೊಳ್ಳುತ್ತದೆ.

ವಿಮಾನವನ್ನು ಮೇಲೆತ್ತುವುದು ರೆಕ್ಕೆಯ ಮೇಲೆ ಹರಿಯುವ ಗಾಳಿ. ಚಕ್ರ ನೆಲದ ಮೇಲೆ ಎಷ್ಟು ಜೋರಾಗಿ ಉರುಳಿತು ಎಂಬುದು ಲೆಕ್ಕಕ್ಕಿಲ್ಲ. ಗಂಟೆಗೆ 40 ಕಿ.ಮೀ. ಓಡುವ ಹಡಗು 20 ಕಿ.ಮೀ. ವೇಗದ ಎದುರುಗಾಳಿಗೆ ಮುಖಮಾಡಿದರೆ, ಅದರ ಮೇಲೆ ಸುಮ್ಮನೆ ನಿಂತ ವಿಮಾನಕ್ಕೂ 60 ಕಿ.ಮೀ. ಗಾಳಿ ಪುಕ್ಕಟೆ ದಕ್ಕಿತು.

ಇಳಿಯುವುದಕ್ಕೆ ಈ ಲೆಕ್ಕವನ್ನು ಮೊದಲು ಪಣಕ್ಕಿಟ್ಟವನು ಬ್ರಿಟಿಷ್ ನೌಕಾಪಡೆಯ ಎಡ್ವಿನ್ ಡನಿಂಗ್. 1917ರ ಆಗಸ್ಟ್ 2ರಂದು ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ ‘ಫ್ಯೂರಿಯಸ್’ ಹಡಗು ಗಾಳಿಗೆದುರು ಜೋರಾಗಿ ಓಡುತ್ತಿತ್ತು. ಹಡಗಿನ ಓಟ, ಬೀಸುಗಾಳಿ ಎರಡೂ ಸೇರಿ ಗಂಟೆಗೆ 80 ಕಿ.ಮೀ.ಗೂ ಹೆಚ್ಚು. ಡನಿಂಗನ ಹಗುರ ಸಾಪ್‌ವಿತ್ ಪಪ್ ವಿಮಾನ ಹಡಗಿನ ಮೇಲೆ ತೇಲಾಡಿದಂತೆ ಬಂತು. ಕೆಳಗಿದ್ದ ಸಹೋದ್ಯೋಗಿಗಳು ಅದಕ್ಕೆ ಕಟ್ಟಿದ್ದ ಪಟ್ಟಿಗಳನ್ನು ಕೈಯಿಂದಲೇ ಹಿಡಿದು ಎಳೆದು ಇಳಿಸಿದರು! ಓಡುವ ಹಡಗಿನ ಮೇಲೆ ವಿಮಾನ ಇಳಿದದ್ದು ಅದೇ ಮೊದಲು. ಐದು ದಿನದ ನಂತರ ಮತ್ತೆ ಇಳಿಯಲು ಹೋದಾಗ ವಿಮಾನ ಪಕ್ಕಕ್ಕೆ ಜಾರಿ ಸಮುದ್ರಕ್ಕೆ ಬಿತ್ತು. ಡನಿಂಗ್ ಬದುಕಲಿಲ್ಲ.

ಹಡಗು ಲಂಗರು ಹಾಕಿತೆಂದರೆ ಅದು ಹುಟ್ಟಿಸುವ ಗಾಳಿಯೂ ನಿಂತಿತು. ಹಾಗಾಗಿ ಬಂದರು ಹತ್ತಿರವಾಗುತ್ತಿದ್ದಂತೆ ವಿಮಾನಗಳು ಹಾರಿ ದಡದ ನಿಲ್ದಾಣ ಸೇರಿಕೊಳ್ಳುತ್ತವೆ. ಸ್ಕ್ವಾಡ್ರನ್ನಿನ, ಅಂದರೆ ವಿಮಾನ ತುಕಡಿಯ, ನಿಜವಾದ ಮನೆ ಅಲ್ಲಿಯೇ. ನೆಲದ ಮೇಲಿದ್ದರೂ ಈ ನಿಲ್ದಾಣಗಳಿಗೆ ಬ್ರಿಟಿಷರು ಹಡಗಿನಂತೆಯೇ ಹೆಸರಿಟ್ಟರು, ಹೆಚ್ಚಾಗಿ ಹಕ್ಕಿಗಳ ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲಿ ಕೊಯಮತ್ತೂರಿನಲ್ಲಿ ಅವರ ವಿಮಾನ ರಿಪೇರಿ ಕೇಂದ್ರವಿತ್ತು; ಸಮುದ್ರವೇ ಕಾಣದ ಆ ಊರಿನ ‘ಹಡಗಿ’ನ ಹೆಸರು ಗರುಡ. 1953ರಲ್ಲಿ ಕೊಚ್ಚಿಯಲ್ಲಿ ನಮ್ಮ ನೌಕಾಪಡೆಯ ಮೊದಲ ವಿಮಾನ ನಿಲ್ದಾಣ ಆರಂಭವಾದಾಗ ಅದಕ್ಕೂ ಗರುಡ ಎಂದೇ ಹೆಸರಾಯಿತು.

ಸ್ಕ್ವಾಡ್ರನ್‌ಗಳಿಗೆ ಸಂಖ್ಯೆ ಕೊಡುವ ರೀತಿಯೂ ಬ್ರಿಟಿಷರಿಂದ ಬಂದದ್ದೇ. ಬ್ರಿಟನ್ನಿನಲ್ಲಿ ಯುದ್ಧಕ್ಕೆ ಹೋಗುವವು 800ರ ಸಾಲು, ತರಬೇತಿಯಂಥವು 700ರ ಸಾಲು. ನಮ್ಮಲ್ಲಿ 300 ಮತ್ತು 500. ನಮ್ಮ 300ನೇ ಸ್ಕ್ವಾಡ್ರನ್ ಹುಟ್ಟಿದ್ದು 1960ರಲ್ಲಿ, ವೇಲ್ಸಿನ ಬ್ರಾಡಿ ನಿಲ್ದಾಣದಲ್ಲಿ, ಸೀ ಹಾಕ್ ಜೆಟ್‌ಗಳೊಂದಿಗೆ. ಮುಂದೆ ವಿಮಾನಗಳು ಬದಲಾದವು, ಸೀ ಹ್ಯಾರಿಯರ್ ಬಂತು, ಮಿಗ್-29ಕೆ ಬಂತು. ಸಂಖ್ಯೆ ಮಾತ್ರ ಅದೇ.

ಸೀ ಹಾಕ್‌ಗಳು ಹಾರುತ್ತಿದ್ದ ನಮ್ಮ ಮೊದಲ ವಿಕ್ರಾಂತ್ ಹಡಗಿನ ಮೇಲೆ ಬ್ರಿಟಿಷರದೇ ಶೋಧವಾದ ಉಗಿ ಕವಣೆ ಇತ್ತು. ಬಾಯ್ಲರಿನ ಹಬೆ ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ ವಿಮಾನವನ್ನು ಎಸೆಯುತ್ತದೆ. ತೊಡಕೇನೆಂದರೆ ಹಡಗನ್ನು ಓಡಿಸುವುದೂ ಅದೇ ಬಾಯ್ಲರ್! 1971ರ ಯುದ್ಧದ ಹೊತ್ತಿಗೆ ವಿಕ್ರಾಂತ್‌ನ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು. ವೇಗ ಕುಂದಿದರೆ ಗಾಳಿಯೂ ಕಡಿಮೆ. ಅಂಥ ಸ್ಥಿತಿಯಲ್ಲಿಯೇ ಡಿಸೆಂಬರ್ 4ರಂದು ಸೀ ಹಾಕ್‌ಗಳು ಇಂದಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. ಪೈಲಟ್‌ಗಳ ಹೆಸರು ಪುಸ್ತಕಗಳಲ್ಲಿವೆ. ಆ ಬಿರುಕಿನ ಬಾಯ್ಲರನ್ನು ಸಂಭಾಳಿಸಿದ ಎಂಜಿನ್ ಕೋಣೆಯವರಿಗೂ ಅಷ್ಟೇ ಪಾಲು ಸಲ್ಲಬೇಕು.

ಹಬೆಯ ಈ ಹಂಗು ತಪ್ಪಿಸಿದವನು ಬ್ರಿಟಿಷ್ ನೌಕಾಪಡೆಯ ಡಗ್ ಟೇಲರ್. 1970ರ ದಶಕದಲ್ಲಿ ಅವನು ಹೇಳಿದ್ದು ಇಷ್ಟೆ: ಹಡಗಿನ ಮೂತಿಯನ್ನು ಮೇಲಕ್ಕೆ ಬಾಗಿಸಿ. ಆ ಏರನ್ನು ಹತ್ತಿ ಚಿಮ್ಮಿದ ವಿಮಾನಕ್ಕೆ ಹಾರಲು ಸಾಕಾಗುವಷ್ಟು ವೇಗ ಇನ್ನೂ ಬಂದಿರುವುದಿಲ್ಲ. ಆದರೆ ಅದು ಮೇಲ್ಮುಖವಾಗಿ ಹೊರಟಿದೆ. ಮತ್ತೆ ಕೆಳಗಿಳಿಯಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ಎಂಜಿನ್ ಉಳಿದ ವೇಗವನ್ನು ಗಳಿಸಿಕೊಡುತ್ತದೆ. ‘ಸ್ಕೀ ಜಂಪ್’ ಎನ್ನುವುದು ಇದಕ್ಕೇ. ಹರ್ಮಿಸ್ ಎಂಬ ಬ್ರಿಟಿಷ್ ಹಡಗು 1987ರಲ್ಲಿ ವಿರಾಟ್ ಆಗಿ ನಮ್ಮ ಪಡೆ ಸೇರಿದಾಗ ಅದಕ್ಕೆ ಇಂಥ ಮೂತಿ ಇತ್ತು.

ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ತೇಜಸ್ ಕೂಡ ಇದೇ ದಾರಿ ಹಿಡಿಯಿತು. 2012ರಲ್ಲಿ ಬೆಂಗಳೂರಿನಲ್ಲಿ ಮೊದಲ ಹಾರಾಟ, 2014ರಲ್ಲಿ ಗೋವೆಯ ದಡದಲ್ಲಿ ಕಟ್ಟಿದ ಏರಿನಿಂದ ಜಿಗಿತ. 2020ರ ಜನವರಿ 11ರಂದು ಕಮೋಡೋರ್ ಜೈದೀಪ್ ಮಾವ್‌ಳಂಕರ್ ಅದನ್ನು ವಿಕ್ರಮಾದಿತ್ಯ ಹಡಗಿನ ಮೇಲೆ ಇಳಿಸಿದರು. ವಿಮಾನದ ಬಾಲದ ಕೊಕ್ಕೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗವನ್ನು ಹಿಡಿದರೆ, ಗಂಟೆಗೆ 240 ಕಿ.ಮೀ. ಆಸುಪಾಸಿನ ಓಟ ಎರಡು-ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ತೂಕ ಹೆಚ್ಚಾಯಿತೆಂದು ನೌಕಾಪಡೆ ಆ ವಿಮಾನವನ್ನು ಸ್ಕ್ವಾಡ್ರನ್ನಿಗೆ ತೆಗೆದುಕೊಳ್ಳಲಿಲ್ಲ, ನಿಜ. ಆದರೂ ಆ ವಿದ್ಯೆ ಬೆಂಗಳೂರಿಗೆ ಬಂತು.

ವಿಕ್ರಮಾದಿತ್ಯದ ನೆಲೆ ಕಾರವಾರ. ವಿಮಾನಗಳ ನೆಲೆ ಗೋವೆಯ ದಾಬೋಲಿಮ್‌ನಲ್ಲಿರುವ ಹಂಸ ನಿಲ್ದಾಣ. ಪ್ರವಾಸಕ್ಕೆ ಹೋದವರಿಗೆ ಕಾರವಾರದ ಕಡಲತೀರದಲ್ಲಿ ಕಾಣುವುದು ನಿವೃತ್ತ ಟುಪೊಲೆವ್-142 ವಿಮಾನ. ಒಂದೊಂದು ಎಂಜಿನ್ನಿಗೂ ಒಂದರ ಹಿಂದೊಂದು ಎರಡು ಪ್ರೊಪೆಲರ್, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. 50 ಮೀಟರ್ ರೆಕ್ಕೆಯ ಅದು ಯಾವ ಹಡಗಿನ ಮೇಲೂ ಇಳಿಯುವಂಥದ್ದಲ್ಲ. ಕಾರವಾರಕ್ಕೆ ತನ್ನದೇ ನಿಲ್ದಾಣ ಬೇಕೆಂದು ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ ಜಮೀನು ಗುರುತಿಸಿದ್ದಾರೆ. ಅಲ್ಲಿನ ರೈತರ ಚಿಂತೆ ಎಂಥದೆಂದು ಆಲಮಟ್ಟಿ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟ ಬೀಳಗಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.