ಸಿಯೆರಾ ಘಟ್ಟಕ್ಕೆ ಚೈನು ಕಟ್ಟುವ ಮುನ್ನ

ಜನವರಿಯ ಶುಕ್ರವಾರ ಸಂಜೆ ಕ್ಯಾಲಿಫೋರ್ನಿಯಾದ ಸನಿವೇಲ್, ಫ್ರೀಮಾಂಟ್‌ಗಳಿಂದ ಲೇಕ್ ಟಾಹೋ ಕಡೆಗೆ ಹೊರಡುವ ಕಾರುಗಳಲ್ಲಿ ಕನ್ನಡದ ಮನೆಗಳವೂ ಇರುತ್ತವೆ. ಹಿಂದಿನ ಸೀಟಿನಲ್ಲಿ ಮಕ್ಕಳು, ಡಿಕ್ಕಿಯಲ್ಲಿ ಜಾರುಬಂಡಿ, ಪುಳಿಯೋಗರೆ ಡಬ್ಬಿ. ಹೊರಡುವಾಗ ಹೊರಗೆ ಹನ್ನೆರಡೋ ಹದಿಮೂರೋ ಡಿಗ್ರಿ. ಸುಮಾರು 300 ಕಿ.ಮೀ. ದಾರಿಯಲ್ಲಿ ಆಬರ್ನ್ ಊರಿನವರೆಗೆ ರಸ್ತೆ ಹೆಚ್ಚೂಕಡಿಮೆ ಸಪಾಟು, ಹಿಮದ ಸುಳಿವಿಲ್ಲ. ಅಲ್ಲಿಂದಾಚೆ ಇಂಟರ್‌ಸ್ಟೇಟ್ 80 ಏರುತ್ತ ಏರುತ್ತ 2,206 ಮೀಟರ್ ಎತ್ತರದ ಡಾನರ್ ಸಮ್ಮಿಟ್ ದಾಟುತ್ತದೆ. 1846ರ ಚಳಿಗಾಲದಲ್ಲಿ ಎತ್ತಿನ ಬಂಡಿಗಳಲ್ಲಿ ಬಂದು ಹಿಮದಲ್ಲಿ ಸಿಕ್ಕಿಬಿದ್ದ ಡಾನರ್ ತಂಡದ ಹೆಸರೇ ಈ ಕಣಿವೆಗೆ ಉಳಿದಿದೆ. ಇಂದಿನ ಪ್ರವಾಸಿಗೆ ಅಲ್ಲಿ ಎದುರಾಗುವುದು ಒಂದು ಫಲಕ: ಚೈನು ಕಡ್ಡಾಯ. ಚಕ್ರಕ್ಕೆ ಕಟ್ಟುವ ಚೈನು ಕೊಳ್ಳಬೇಕೋ, ಚಳಿಗಾಲದ ಟೈರು ಹಾಕಿಸಬೇಕೋ ಎಂಬ ಚರ್ಚೆ ಅದಕ್ಕೂ ಒಂದು ವಾರ ಮೊದಲೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಶುರುವಾಗಿರುತ್ತದೆ. ಎರಡಕ್ಕೂ ಹಿಡಿತ ಸಿಗುವುದು ಬೇರೆ ಬೇರೆ ದಾರಿಯಲ್ಲಿ. ಅದು ಗೊತ್ತಾದರೆ ಚರ್ಚೆ ಬೇಗ ಮುಗಿಯುತ್ತದೆ.

ಮೊದಲು ನೆಲದ ವಿಚಾರ. ಡಾನರ್ ಕಣಿವೆಯ ಹತ್ತಿರ ಸೋಡಾ ಸ್ಪ್ರಿಂಗ್ಸ್‌ನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಹಿಮ ಪ್ರಯೋಗಾಲಯವಿದೆ. 1946ರಿಂದ ಅಲ್ಲಿ ಹಿಮ ಅಳೆಯುತ್ತಿದ್ದಾರೆ. 2022-23ರ ಋತುವಿನಲ್ಲಿ ಬಿದ್ದದ್ದು 754 ಇಂಚು, ಅಂದರೆ 19 ಮೀಟರಿಗೂ ಹೆಚ್ಚು. ಪೆಸಿಫಿಕ್ ಸಾಗರದಿಂದ ನೇರ ಬರುವ ತೇವದ ಗಾಳಿ ಸಿಯೆರಾ ಸಾಲಿಗೆ ಬಡಿದು ಸುರಿಸುವ ಈ ಹಿಮ ಒದ್ದೆ, ಭಾರ. ಸ್ಥಳೀಯರು ಅದನ್ನು ‘ಸಿಯೆರಾ ಸಿಮೆಂಟ್’ ಎನ್ನುತ್ತಾರೆ. ಅದರ ಉಷ್ಣತೆ ಬಹಳ ಸಲ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಚಳಿ ಕಡಿಮೆಯಿದ್ದರೆ ಅಪಾಯವೂ ಕಡಿಮೆ ಎಂದುಕೊಳ್ಳುವವರಿದ್ದಾರೆ. ಆಗುವುದು ಅದರ ತಿರುಗುಮುರುಗು. ಮೈನಸ್ 20ರ ಮಂಜುಗಡ್ಡೆಗಿಂತ ಸೊನ್ನೆಯ ಹತ್ತಿರದ ಮಂಜುಗಡ್ಡೆಯೇ ಹೆಚ್ಚು ಜಾರುತ್ತದೆ.

ಮಂಜುಗಡ್ಡೆ ಯಾಕೆ ಜಾರುತ್ತದೆ? ಮೇಲಿನ ಭಾರಕ್ಕೆ ಅದು ಕರಗಿ ನೀರಾಗುತ್ತದೆ ಎಂದು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿದ್ದೇವೆ. ಲೆಕ್ಕ ಹಾಕಿದರೆ ಆ ವಿವರಣೆ ನಿಲ್ಲುವುದಿಲ್ಲ. ಕಾರಿನ ಟೈರು ನೆಲವನ್ನು ಒತ್ತುವುದು ಹತ್ತಿರಹತ್ತಿರ ತನ್ನೊಳಗಿನ ಗಾಳಿಯ ಒತ್ತಡದಷ್ಟೇ, ಎರಡು-ಎರಡೂವರೆ ವಾಯುಭಾರ. ಅಷ್ಟು ಒತ್ತಡಕ್ಕೆ ಮಂಜುಗಡ್ಡೆ ಕರಗುವ ಬಿಂದು ಇಳಿಯುವುದು ಒಂದು ಡಿಗ್ರಿಯ ಐವತ್ತರಲ್ಲಿ ಒಂದು ಪಾಲಿನಷ್ಟು. ಮಂಜುಗಡ್ಡೆಯ ಮೇಲ್ಮೈ ಕರಗುವ ಬಿಂದುವಿಗಿಂತ ಕೆಳಗೂ ತೆಳುವಾಗಿ ದ್ರವದಂತಿರುತ್ತದೆ ಎಂದು ಮೈಕೆಲ್ ಫ್ಯಾರಡೆ 1850ರಲ್ಲೇ ಸೂಚಿಸಿದ್ದ. ಆಮೇಲೆ 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಉಜ್ಜುವಿಕೆಯ ಶಾಖವೇ ನೀರಿನ ಪದರ ಹುಟ್ಟಿಸುತ್ತದೆ ಎಂದು ತೋರಿಸಿದರು. ಸೊನ್ನೆಗೆ ಹತ್ತಿರವಾದಷ್ಟೂ ಈ ಎರಡೂ ಜೋರು.

ಇದರ ಬೆಲೆಯನ್ನು ಮೀಟರುಗಳಲ್ಲಿ ಹೇಳಬಹುದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕು ಹಿಡಿದರೆ ಒಣ ಡಾಂಬರಿನ ಮೇಲೆ ಕಾರು ಸುಮಾರು 12 ಮೀಟರಿಗೆ ನಿಲ್ಲುತ್ತದೆ. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಘರ್ಷಣಾಂಕ 0.25 ಎಂದಿಟ್ಟುಕೊಂಡರೆ 40 ಮೀಟರು. ಘರ್ಷಣಾಂಕ 0.1 ಇರುವ ಮಂಜುಗಡ್ಡೆಯ ಮೇಲೆ 100 ಮೀಟರಿನ ಹತ್ತಿರ. ಈ ಲೆಕ್ಕದಲ್ಲಿ ಕಾರಿನ ತೂಕ ಬರುವುದಿಲ್ಲ, ಎಂಜಿನ್ನಿನ ಶಕ್ತಿ ಬರುವುದಿಲ್ಲ, ಎಷ್ಟು ಚಕ್ರಗಳಿಗೆ ಎಂಜಿನ್ ಬಲ ಹೋಗುತ್ತದೆ ಎಂಬುದೂ ಬರುವುದಿಲ್ಲ. “ನಮ್ಮದು ಆಲ್ ವೀಲ್ ಡ್ರೈವ್, ತೊಂದರೆ ಇಲ್ಲ” ಎನ್ನುವವರಿಗೆ ಇದನ್ನು ಹೇಳಲೇಬೇಕು. ನಾಲ್ಕು ಚಕ್ರಕ್ಕೂ ಬಲ ಹಂಚುವ ವ್ಯವಸ್ಥೆ ಏರಿನಲ್ಲಿ ಮುಂದೆ ಹೋಗಲು ನೆರವಾಗುತ್ತದೆ. ನಿಲ್ಲಿಸುವಾಗ ಎಲ್ಲ ಕಾರುಗಳೂ ನಾಲ್ಕು ಚಕ್ರಗಳಿಂದಲೇ ಬ್ರೇಕು ಹಿಡಿಯುತ್ತವೆ. ಹೀಗಾಗಿ ಏರುವಾಗ ಧೈರ್ಯ ಕೊಟ್ಟ ಕಾರು ಇಳಿಯುವಾಗ ಪಕ್ಕದ ಸಾದಾ ಕಾರಿನಷ್ಟೇ ಜಾರುತ್ತದೆ. ನನ್ನ ಮಟ್ಟಿಗೆ ಘಟ್ಟದ ಮೇಲೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇದೊಂದರ ಬಗ್ಗೆ.

ಈಗ ರಬ್ಬರಿಗೆ ಬರೋಣ. ಟೈರು ರಸ್ತೆ ಹಿಡಿಯುವುದು ಜಲ್ಲಿಯ ಏರುತಗ್ಗುಗಳಿಗೆ ರಬ್ಬರು ಬಗ್ಗಿ ಕೂರುವುದರಿಂದ. ಚಳಿ ಏರಿದಂತೆ ರಬ್ಬರಿನ ಉದ್ದುದ್ದ ಅಣುಸರಪಳಿಗಳ ಚಲನೆ ನಿಧಾನವಾಗುತ್ತದೆ. ಇನ್ನೂ ತಣ್ಣಗಾದರೆ ಅದು ಗಾಜಿನ ಸ್ಥಿತಿಗೆ ಜಾರುತ್ತದೆ. ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮೇಲೆ, 1986ರ ಫೆಬ್ರವರಿ 11ರಂದು, ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿಚಾರಣೆಯ ನಡುವೆಯೇ ಒಂದು ರಬ್ಬರು ತುಂಡನ್ನು ಕ್ಲ್ಯಾಂಪಿನಲ್ಲಿ ಅದುಮಿ ಐಸ್ ನೀರಿನ ಲೋಟದಲ್ಲಿ ಅದ್ದಿ ತೆಗೆದು, ಅದು ತಕ್ಷಣ ಮೊದಲಿನ ಆಕಾರಕ್ಕೆ ಬರುವುದಿಲ್ಲ ಎಂದು ತೋರಿಸಿದ್ದು ಇದನ್ನೇ. ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿಗಿಯಾಗುತ್ತ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರಿಗೆ ಹೆಚ್ಚು ಸಿಲಿಕಾ ಸೇರಿಸಿ, ಸೊನ್ನೆಗಿಂತ ಕೆಳಗೂ ಮೆದುವಾಗಿ ಉಳಿಯುವಂತೆ ಮಾಡಿರುತ್ತಾರೆ.

ಉಳಿದರ್ಧ ಕೆಲಸ ಮೈಮೇಲಿನ ಗೀರುಗಳದು. ಚಳಿಗಾಲದ ಟೈರಿನ ದೊಡ್ಡ ಕಾಲುವೆಗಳು ಹಿಮವನ್ನು ತುಂಬಿಕೊಂಡು ಬಿಗಿಯಾಗಿ ಅದುಮಿಟ್ಟುಕೊಳ್ಳುತ್ತವೆ. ಹಿಮಕ್ಕೆ ರಬ್ಬರಿಗಿಂತ ಹಿಮವೇ ಚೆನ್ನಾಗಿ ಅಂಟುತ್ತದೆ, ಹಾಗಾಗಿ ಟೈರಿಗೆ ಮೆತ್ತಿದ ಹಿಮ ರಸ್ತೆಯ ಹಿಮವನ್ನು ಕಚ್ಚುತ್ತದೆ. ಕೂದಲೆಳೆಯಂಥ ಸಣ್ಣ ಸೀಳುಗಳು ತೆರೆದು ಮುಚ್ಚಿ ಮಂಜುಗಡ್ಡೆಯ ನೀರಿನ ಪದರವನ್ನು ಒರೆಸುತ್ತವೆ. ಚಳಿಗಾಲದ ಟೈರು ಹುಟ್ಟಿದ್ದು ಫಿನ್ಲೆಂಡಿನಲ್ಲಿ. ಇಂದಿನ ನೋಕಿಯನ್ ಟೈರ್ಸ್‌ನ ಮೂಲ ಕಂಪನಿ 1934ರಲ್ಲಿ ಲಾರಿಗಳಿಗೆಂದು ಮೊದಲ ಚಳಿಗಾಲದ ಟೈರು ತಂದಿತು.

ಅಂಗಡಿಯಲ್ಲಿ ನೋಡಬೇಕಾದ ಗುರುತು ಮೂರು ಶಿಖರಗಳ ಬೆಟ್ಟದೊಳಗಿನ ಹಿಮಹರಳು. 1999ರಲ್ಲಿ ಜಾರಿಗೆ ಬಂದ ಈ ಗುರುತು ಬೇಕಿದ್ದರೆ ಟೈರು ಹಿಮದ ಮೇಲಿನ ಪರೀಕ್ಷೆಯಲ್ಲಿ ಮಾದರಿ ಟೈರಿಗಿಂತ ಕನಿಷ್ಠ ಶೇಕಡ 10ರಷ್ಟು ಹೆಚ್ಚು ಎಳೆತ ತೋರಿಸಬೇಕು. ಆ ಪರೀಕ್ಷೆಯೂ ಮುಂದೆ ಎಳೆಯುವ ಬಲದ್ದು. ಬ್ರೇಕಿನದಲ್ಲ, ತಿರುವಿನದೂ ಅಲ್ಲ. ಎಲ್ಲ ಋತುವಿನ ಟೈರುಗಳ ಮೇಲಿರುವ ‘ಎಂ+ಎಸ್’ ಅಕ್ಷರಗಳಿಗೆ ಅಷ್ಟೂ ಪರೀಕ್ಷೆಯಿಲ್ಲ, ಗೀರುಗಳ ವಿನ್ಯಾಸ ಹೊಂದಿದರೆ ಆಯಿತು. ಕ್ಯಾಲಿಫೋರ್ನಿಯಾದ ಕಾನೂನು ಮಾತ್ರ ಎಂ+ಎಸ್ ಟೈರನ್ನೂ ಹಿಮದ ಟೈರೆಂದೇ ಒಪ್ಪುತ್ತದೆ. ಗೀರಿನ ಆಳ ಒಂದು ಇಂಚಿನ 32ರಲ್ಲಿ 6 ಭಾಗ, ಹತ್ತಿರಹತ್ತಿರ 5 ಮಿ.ಮೀ. ಇದ್ದರೆ ಸಾಕು. ನಾಕಾದಲ್ಲಿ ಬಿಟ್ಟರು ಎಂದರೆ ಏರಲು ಅನುಮತಿ ಸಿಕ್ಕಿತು ಎಂದಷ್ಟೇ ಅರ್ಥ.

ಚೈನಿನ ಕತೆ ರಸಾಯನಶಾಸ್ತ್ರದ್ದಲ್ಲ, ಒರಟು ಯಂತ್ರಶಾಸ್ತ್ರದ್ದು. ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್, ಜನ ಚಕ್ರಗಳಿಗೆ ಹಗ್ಗ ಸುತ್ತಿಕೊಳ್ಳುವುದನ್ನು ನೋಡಿ ಸರಪಳಿಯ ಜಾಲ ಮಾಡಿ, 1904ರಲ್ಲಿ ಪೇಟೆಂಟ್ ಪಡೆದ. ಮಲೆನಾಡಿನವರಿಗೆ ಇದರಲ್ಲಿ ಹೊಸದೇನಿಲ್ಲ. ಮಳೆಗಾಲದ ಕೆಸರಿನಲ್ಲಿ ಜೀಪಿನ ಚಕ್ರಕ್ಕೆ ಚೈನು ಕಟ್ಟುವುದನ್ನು ಅವರು ನೋಡಿಯೇ ಇರುತ್ತಾರೆ. ಒಂದು ಚಕ್ರದ ಮೇಲಿನ ಸುಮಾರು 400 ಕಿಲೋ ಭಾರ ಸಾಮಾನ್ಯವಾಗಿ 175 ಚದರ ಸೆಂ.ಮೀ. ಜಾಗದಲ್ಲಿ ಹರಡಿರುತ್ತದೆ. ಚೈನಿದ್ದಾಗ ಅದರ ದೊಡ್ಡ ಪಾಲು ಕೆಲವೇ ಉಕ್ಕಿನ ಕೊಂಡಿಗಳ ಮೇಲೆ ಬಿದ್ದು, ಕೊಂಡಿ ಮಂಜುಗಡ್ಡೆಯೊಳಕ್ಕೆ ಇಳಿಯುತ್ತದೆ. ನೀರಿನ ಪದರ ಇದ್ದರೂ ಇಲ್ಲದಿದ್ದರೂ ಅದಕ್ಕೆ ಒಂದೇ. ಏಣಿಯಂತೆ ಅಡ್ಡಡ್ಡ ಸರಪಳಿಯಿರುವ ಅಗ್ಗದ ಚೈನಿನಲ್ಲಿ ಎರಡು ಮೆಟ್ಟಿಲುಗಳ ನಡುವೆ ಬರೀ ರಬ್ಬರೇ ನೆಲಕ್ಕೆ ತಾಗುವ ಕ್ಷಣಗಳಿರುತ್ತವೆ, ಅಡ್ಡಕ್ಕೆ ಜಾರುವುದನ್ನು ಅದು ಅಷ್ಟಾಗಿ ತಡೆಯದು. ವಜ್ರಾಕಾರದ ಜಾಲದಲ್ಲಿ ಉಕ್ಕು ಸದಾ ನೆಲದ ಮೇಲಿರುತ್ತದೆ. ಚಕ್ರಕ್ಕೂ ಒಳಗಿನ ಭಾಗಗಳಿಗೂ ನಡುವೆ ಜಾಗ ಕಡಿಮೆಯಿರುವ ಇಂದಿನ ಕಾರುಗಳಿಗೆ ತೆಳು ಕೇಬಲ್ಲೇ ಗತಿ, ಅದರ ಕಚ್ಚುವಿಕೆಯೂ ತೆಳು. ಇವೆಲ್ಲಕ್ಕೂ ಹಿಮವಿಲ್ಲದ ಡಾಂಬರು ಶತ್ರು: ಕೊಂಡಿ ಸವೆದು ಹರಿದರೆ ಮಡ್‌ಗಾರ್ಡಿಗೇ ಬಡಿಯುತ್ತದೆ. ಚೈನು ವಲಯದಲ್ಲಿ ಗಂಟೆಗೆ 25 ಅಥವಾ 30 ಮೈಲಿಯ ಮಿತಿ ಇರುವುದಕ್ಕೆ ಇದೂ ಒಂದು ಕಾರಣ.

ನಡುವೆ ಒಂದು ತಮಾಷೆ. ಚಳಿಗೆ ಟೈರಿನ ಗಾಳಿ ಕುಗ್ಗುತ್ತದೆ, 20 ಡಿಗ್ರಿ ಇಳಿದರೆ ಮೂರು ಚಿಲ್ಲರೆ ಪಿಎಸ್‌ಐ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಡಾನರ್ ಎತ್ತರದಲ್ಲಿ ಹೊರಗಿನ ವಾಯುಭಾರವೂ ಮೂರು ಚಿಲ್ಲರೆ ಪಿಎಸ್‌ಐ ಕಡಿಮೆ. ಕೈಯಲ್ಲಿ ಹಿಡಿಯುವ ಮಾಪಕ ಅಳೆಯುವುದು ಒಳಹೊರಗಿನ ವ್ಯತ್ಯಾಸವನ್ನು. ಹಾಗಾಗಿ ಕಡಲಮಟ್ಟದಲ್ಲಿ ಸರಿಯಾಗಿ ಗಾಳಿ ತುಂಬಿಸಿ ಬಂದವನಿಗೆ ಮೇಲೂ ಹತ್ತಿರಹತ್ತಿರ ಅದೇ ಅಂಕಿ ಕಾಣಬೇಕು.

ಹಾಗಾದರೆ ಯಾವುದು? ವರ್ಷಕ್ಕೊಂದೆರಡು ವಾರಾಂತ್ಯ ಹೋಗುವ ಮನೆಗೆ ಚೈನು ಸಾಕು. ಮೆದು ರಬ್ಬರಿನ ಟೈರು ಬೇ ಏರಿಯಾದ ಬೆಚ್ಚನೆಯ ರಸ್ತೆಯಲ್ಲಿ ಸುಮ್ಮನೆ ಸವೆಯುತ್ತದೆ, ಒಣ ರಸ್ತೆಯ ಬ್ರೇಕಿಗೂ ಅದು ಒಳ್ಳೆಯದಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಪ್ರತಿ ಎರಡನೇ ವಾರ ಸ್ಕೀ ಮಾಡಲು ಹೋಗುವವರು ನಾಲ್ಕೂ ಚಕ್ರಕ್ಕೆ ಹಿಮಹರಳಿನ ಗುರುತಿರುವ ಟೈರು ಹಾಕಿಸಲಿ. ಎರಡಕ್ಕೆ ಮಾತ್ರ ಹಾಕಿಸುವುದು ಉಳಿತಾಯವಲ್ಲ. ಮುಂದಿನದು ಹಿಡಿದು ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ. ಬಾಡಿಗೆ ಕಾರಿನವರು ಕರಾರು ಓದಿಕೊಳ್ಳಬೇಕು, ಚೈನು ಕಟ್ಟಲು ಬಿಡದ ಕಂಪನಿಗಳು ಬಹಳ. ಟೈರು ಎಂಥದಿದ್ದರೂ ಡಿಕ್ಕಿಯಲ್ಲಿ ಚೈನು ಇರಬೇಕು. ಚೈನು ನಿಯಮದ ಎರಡನೇ ಹಂತವಾದ ಆರ್-2 ಫಲಕ ಬಿದ್ದಾಗ ವಿನಾಯಿತಿ ಇರುವುದು ನಾಲ್ಕೂ ಹಿಮದ ಟೈರುಗಳಿರುವ ಆಲ್ ವೀಲ್ ಡ್ರೈವ್ ಕಾರಿಗೆ ಮಾತ್ರ, ಅದೂ ಚೈನು ಜೊತೆಯಲ್ಲಿದ್ದರೆ.

ಚೈನು ಕಟ್ಟುವುದು ಎಂಜಿನ್ ಇಲ್ಲವೇ ಮೋಟಾರು ತಿರುಗಿಸುವ ಚಕ್ರಗಳಿಗೆ. ಸಾಮಾನ್ಯ ಸಣ್ಣ ಕಾರುಗಳಲ್ಲಿ ಅವು ಮುಂದಿನವು, ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಹಿಂದಿನವು. ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಮುಂದೆ ಕಟ್ಟಿದವರು ಇಳಿಜಾರಿನ ತಿರುವಿನಲ್ಲಿ ಬ್ರೇಕು ಮೆಲ್ಲಗೆ ಒತ್ತಬೇಕು, ಹಗುರಾದ ಹಿಂಭಾಗಕ್ಕೆ ಅಲ್ಲಿ ಬರೀ ರಬ್ಬರಷ್ಟೇ ಆಸರೆ. ಮನೆಯ ಗ್ಯಾರೇಜಿನಲ್ಲಿ ಒಮ್ಮೆ ಕಟ್ಟಿ ಬಿಚ್ಚಿ ನೋಡದೆ ಹೊರಟವರು ರಸ್ತೆ ಬದಿಯಲ್ಲಿ, ಕತ್ತಲಲ್ಲಿ, ಒದ್ದೆ ಕೈಯಲ್ಲಿ ಅದನ್ನು ಕಲಿಯಬೇಕಾಗುತ್ತದೆ. ಕಟ್ಟಿ ನೂರಿನ್ನೂರು ಮೀಟರು ಹೋಗಿ, ನಿಲ್ಲಿಸಿ, ಮತ್ತೊಮ್ಮೆ ಬಿಗಿಯಬೇಕು. ಕಟ್ಟಿಕೊಡುವವರೂ ಅಲ್ಲಿರುತ್ತಾರೆ, ಪರವಾನಗಿಯ ಸಂಖ್ಯೆಯಿರುವ ಬಿಲ್ಲೆ ಹಾಕಿಕೊಂಡವರನ್ನೇ ಹುಡುಕಿ ದುಡ್ಡು ಕೊಡಿ. ಎಲ್ಲ ಗಾಡಿಗೂ ವಿನಾಯಿತಿಯಿಲ್ಲದೆ ಚೈನು ಕೇಳುವ ಆರ್-3 ಫಲಕ ಕಾಣುವುದು ಅಪರೂಪ. ಅಷ್ಟು ಹಿಮ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ರಸ್ತೆಯನ್ನೇ ಮುಚ್ಚಿರುತ್ತಾರೆ.