ಫ್ಯೂಸಿನ ಮೇಲೆ ಬರೆದದ್ದನ್ನು ಓದೋಣ



ಓದು ಕಲಿತ ಮೇಲೆ ನಾವು ಬಸ್ಸಿನ ಬೋರ್ಡು ಓದುತ್ತೇವೆ. ಕರೆಂಟು ಬಿಲ್ಲು ಓದುತ್ತೇವೆ. ಟಿ.ವಿ. ಒಳಗಿನ ಫ್ಯೂಸಿನ ಮೇಲೂ ಬರಹ ಇದೆ. ಅದನ್ನೂ ಓದಲು ಕಲಿಯೋಣ.

ಫ್ಯೂಸು ಅಂದರೆ ಏನು?

ಅದೊಂದು ಸಣ್ಣ ಗಾಜಿನ ಕೊಳವೆ. ಉದ್ದ ಸುಮಾರು 2 ಸೆಂಟಿಮೀಟರು. ಎರಡು ತುದಿಗೂ ಲೋಹದ ಟೋಪಿ ಇರುತ್ತದೆ. ಒಳಗೆ ಕೂದಲಿನಂಥ ತಂತಿ. ಕರೆಂಟು ಮಿತಿ ಮೀರಿ ಹರಿದರೆ ಈ ತಂತಿ ಕರಗಿ ತುಂಡಾಗುತ್ತದೆ. ಕರೆಂಟು ಅಲ್ಲೇ ನಿಲ್ಲುತ್ತದೆ. ಫ್ಯೂಸು ತಾನು ಸುಟ್ಟು ಮನೆಯನ್ನು ಉಳಿಸುತ್ತದೆ.

ಸೋಲದೇವನಹಳ್ಳಿಯಾಗಲಿ, ಯಶವಂತಪುರವಾಗಲಿ, ಮನೆಗೆ ಬರುವ ಕರೆಂಟು 230 ವೋಲ್ಟು. ಅದರ ಜೊತೆ ಹುಡುಗಾಟ ಬೇಡ. ಕೆಲವರು ಫ್ಯೂಸು ಹೋದರೆ ತಾಮ್ರದ ತಂತಿ ಸುತ್ತಿಬಿಡುತ್ತಾರೆ. ಟಿ.ವಿ. ನಡೀತದೆ, ನಿಜ. ಆದರೆ ಮತ್ತೆ ಕೆಟ್ಟಾಗ ತಂತಿ ಕರಗೋದಿಲ್ಲ. ಟಿ.ವಿ.ಯೇ ಹೊತ್ತಿಕೊಳ್ಳಬಹುದು.

ಏನೇನು ಬರೆದಿರುತ್ತದೆ?

ಲೋಹದ ಟೋಪಿಯನ್ನು ಬೆಳಕಿಗೆ ಹಿಡಿದು ನೋಡಿ.

ಮೊದಲು ಅಂಕಿ. 2 ಎಂದಿದ್ದು, ಪಕ್ಕದಲ್ಲಿ ಏಣಿಯಂಥ ಇಂಗ್ಲಿಷ್ 'ಎ' ಇದ್ದರೆ 2 ಆಂಪಿಯರ್. ಅಷ್ಟು ಕರೆಂಟನ್ನು ಅದು ತಡೆದುಕೊಳ್ಳುತ್ತದೆ. ಹಳೆ ಡಬ್ಬಾ ಟಿ.ವಿ.ಗಳಲ್ಲಿ 3.15 ಆಂಪಿಯರ್ ಫ್ಯೂಸು ಸಾಮಾನ್ಯ.

ಚುಕ್ಕೆಯನ್ನು ಬಿಡಬೇಡಿ. 0.5 ಅಂದರೆ ಅರ್ಧ. ಚುಕ್ಕೆ ಬಿಟ್ಟು ಓದಿದರೆ 5 ಆಗುತ್ತದೆ. ಹತ್ತು ಪಟ್ಟು ಹೆಚ್ಚು! 'ಎ' ಹಿಂದೆ ಇಂಗ್ಲಿಷ್ 'ಎಂ' ಇದ್ದರೆ ಅದು ಮಿಲಿ ಆಂಪಿಯರ್. 1000 ಮಿಲಿ ಆಂಪಿಯರ್ ಸೇರಿದರೆ 1 ಆಂಪಿಯರ್. ಹಾಗಾದರೆ 500 ಮಿಲಿ ಅಂದರೂ ಅರ್ಧ ಆಂಪಿಯರ್ರೇ.

ಆಮೇಲೆ 250 ಎಂಬ ಅಂಕಿ, ಪಕ್ಕದಲ್ಲಿ ಎರಡು ಬೆರಳು ಅಗಲಿಸಿದಂಥ 'ವಿ'. ಅದು ವೋಲ್ಟು. ಗಾಡಿಗೆ ಹಾಕುವ 32 ವೋಲ್ಟಿನ ಫ್ಯೂಸನ್ನು ಟಿ.ವಿ.ಗೆ ಹಾಕಬಾರದು.

ಇನ್ನೊಂದು ಅಕ್ಷರ ಇರುತ್ತದೆ. ಕಂಬದ ಮೇಲೆ ತೊಲೆ ಇಟ್ಟಂತಿದ್ದರೆ 'ಟಿ'. ಇದು ನಿಧಾನಕ್ಕೆ ಕರಗುವ ಫ್ಯೂಸು. ಕಂಬದ ಬಲಕ್ಕೆ ಎರಡು ಅಡ್ಡಗೆರೆ ಇದ್ದರೆ 'ಎಫ್'. ಇದು ಬೇಗ ಕರಗುತ್ತದೆ. ಟಿ.ವಿ. ಹಾಕಿದ ಕ್ಷಣ ಕರೆಂಟು ಒಮ್ಮೆಗೇ ನುಗ್ಗುತ್ತದೆ. 'ಟಿ' ಇರುವ ಕಡೆ 'ಎಫ್' ಹಾಕಿದರೆ ಸುಮ್ಮನೆ ಸುಟ್ಟು ಹೋಗಬಹುದು.

ಬರಹ ಅಳಿಸಿದ್ದರೆ?

ಫ್ಯೂಸು ಕೂತಿದ್ದ ಜಾಗದ ಪಕ್ಕದಲ್ಲೇ ಹಲಗೆಯ ಮೇಲೆ ಸಾಮಾನ್ಯವಾಗಿ ಅದೇ ಅಂಕಿ ಅಚ್ಚಾಗಿರುತ್ತದೆ. ರಿಪೇರಿಯವರು ಅದನ್ನು ನೋಡಿಯೇ ಹೊಸದು ಹಾಕಬೇಕು. ಅಂದಾಜಿನ ಮೇಲೆ ಹಾಕಬಾರದು.

ಗಾಜನ್ನೂ ನೋಡಿ. ತಂತಿ ನಡುವೆ ಸುಮ್ಮನೆ ತುಂಡಾಗಿದ್ದರೆ ಫ್ಯೂಸು ಹಳೆಯದಾಗಿರಬಹುದು. ಗಾಜು ಕಪ್ಪಾಗಿದ್ದರೆ ಒಳಗೆ ಶಾರ್ಟ್ ಆಗಿರುತ್ತದೆ. ಆಗ ಫ್ಯೂಸು ಬದಲಿಸಿದರೆ ಸಾಲದು. ಕೆಟ್ಟ ಭಾಗ ಸರಿ ಮಾಡದಿದ್ದರೆ ಹೊಸದೂ ಸುಡುತ್ತದೆ.

ಎಚ್ಚರಿಕೆ!

ಟಿ.ವಿ.ಯನ್ನು ನಾವೇ ಬಿಚ್ಚುವುದು ಬೇಡ. ಪ್ಲಗ್ಗು ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ. ಡಬ್ಬಾ ಟಿ.ವಿ.ಯ ಗಾಜಿನ ಟ್ಯೂಬಿನಲ್ಲಿ ಸಾವಿರಾರು ವೋಲ್ಟು ಇರುತ್ತದೆ. ಬಿಚ್ಚುವ ಕೆಲಸ ರಿಪೇರಿಯವರದು. ಓದುವ ಕೆಲಸ ನಮ್ಮದು.

ಹಾಗಾಗಿ ರಿಪೇರಿಯವರನ್ನು ಹೀಗೆ ಕೇಳಿ: "ಹಳೆ ಫ್ಯೂಸು ಕೊಡಪ್ಪಾ. ಹೊಸದನ್ನೂ ತೋರಿಸು." ಎರಡನ್ನೂ ಅಂಗೈ ಮೇಲೆ ಇಟ್ಟುಕೊಳ್ಳಿ. ಆಂಪಿಯರ್ ಒಂದೇ ಇದೆಯೆ? ಅಕ್ಷರ ಒಂದೇ ಇದೆಯೆ? ವೋಲ್ಟು ಕಡಿಮೆ ಇಲ್ಲ ತಾನೆ? ಹಲಗೆಯ ಮೇಲಿನ ಅಂಕಿಗೂ ತಾಳೆ ಆಗುತ್ತದೆಯೆ? ಎಲ್ಲ ಸರಿ ಇದ್ದರೆ ಹಾಕಲಿ. ಇಲ್ಲದಿದ್ದರೆ "ಇದು ಬೇಡ, ಸರಿಯಾದ್ದು ತನ್ನಿ" ಎನ್ನಿ. ಫ್ಯೂಸಿನ ಬೆಲೆ ಕೆಲವೇ ರೂಪಾಯಿ. ಮನೆಗೆ, ಮಕ್ಕಳಿಗೆ ಬೆಲೆ ಕಟ್ಟಲಾದೀತೆ?